ಔಷಧವನ್ನು ಗಾಯದ ಬಳಿಗೇ ಒಯ್ಯುವ ಕಬ್ಬಿಣದ ಕಣಗಳು

ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರ ಕಾಲ್ಬೆರಳ ಸಂದಿಯಲ್ಲಿ ಸಣ್ಣದೊಂದು ಗಾಯವಾಗುತ್ತದೆ. ನೋವಿಲ್ಲದ ಕಾರಣ ಯಾರೂ ಅದನ್ನು ಗಮನಿಸುವುದಿಲ್ಲ. ಕೀವು ತುಂಬಿ ವಾಸನೆ ಬಂದ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ. ವೈದ್ಯರು ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸುತ್ತಾರೆ. ಇಂಥ ಬ್ಯಾಕ್ಟೀರಿಯಾ ಇದೆ, ಇಂಥ ಆಂಟಿಬಯೋಟಿಕ್‌ಗೆ ಅದು ಸಾಯುತ್ತದೆ ಎಂದು ವರದಿ ಬರುತ್ತದೆ. ಅದೇ ಔಷಧವನ್ನು ಎರಡು ವಾರ, ಮೂರು ವಾರ ಕೊಡುತ್ತಾರೆ. ಆದರೂ ಗಾಯ ಒಣಗುವುದಿಲ್ಲ. ಕೊನೆಗೆ ಬೆರಳು ತೆಗೆಯಬೇಕಾದೀತು ಎಂಬ ಮಾತು ಬಂದಾಗ ಮನೆಯವರು ಕೇಳುತ್ತಾರೆ: "ಈ ಮದ್ದು ಸರಿಯಾಗಿದೆ ಎಂದು ವರದಿಯಲ್ಲಿ ಇತ್ತಲ್ಲಾ ಡಾಕ್ಟ್ರೇ, ಮತ್ತೆ ಯಾಕೆ ಗುಣವಾಗಲಿಲ್ಲ?"

ಕೇಳಲೇಬೇಕಾದ ಪ್ರಶ್ನೆ ಇದು. ಅನೇಕ ಬಾರಿ ಇದಕ್ಕೆ ಉತ್ತರ, ಮದ್ದು ಸರಿಯಾದದ್ದೇ, ಆದರೆ ರೋಗಾಣು ಇರುವ ಜಾಗಕ್ಕೆ ಅದು ಬೇಕಾದಷ್ಟು ತಲುಪಲಿಲ್ಲ ಎಂಬುದು. ಪರೀಕ್ಷೆಯ ತಟ್ಟೆಯಲ್ಲಿ ಔಷಧವೂ ಬ್ಯಾಕ್ಟೀರಿಯಾವೂ ಎದುರುಬದುರಾಗಿರುತ್ತವೆ. ದೇಹದೊಳಗೆ ಹಾಗಿರುವುದಿಲ್ಲ.

ಪ್ರತಿಯೊಂದು ರೋಗಕ್ಕೂ ಔಷಧವಿದೆ, ಔಷಧವು ರೋಗಕ್ಕೆ ಸರಿಯಾಗಿ ತಾಗಿದಾಗ ಅಲ್ಲಾಹನ ಅಪ್ಪಣೆಯಿಂದ ಗುಣವಾಗುತ್ತದೆ ಎಂಬ ತಾತ್ಪರ್ಯದ ಪ್ರವಾದಿ(ಸ)ರ ಬೋಧನೆ ಸಹೀಹ್ ಮುಸ್ಲಿಮ್‌ನಲ್ಲಿ ಜಾಬಿರ್(ರ)ರ ಮೂಲಕ ವರದಿಯಾಗಿದೆ. ಔಷಧ ಇರುವುದು ಒಂದು ವಿಷಯ, ಅದು ರೋಗಕ್ಕೆ ತಾಗುವುದು ಇನ್ನೊಂದು ವಿಷಯ. ಈ ಎರಡರ ನಡುವಿನ ಅಂತರವನ್ನು ಕಡಿಮೆ ಮಾಡಲು ಇಂದು ವಿಜ್ಞಾನಿಗಳು ನಡೆಸುತ್ತಿರುವ ಹಲವು ಪ್ರಯತ್ನಗಳಲ್ಲಿ ಒಂದು, ಅಯಸ್ಕಾಂತಕ್ಕೆ ಓಗೊಡುವ ಅತಿ ಸಣ್ಣ ಕಬ್ಬಿಣದ ಕಣಗಳ ಮೇಲೆ ಆಂಟಿಬಯೋಟಿಕ್ ಕೂರಿಸಿ ಗಾಯದ ಬಳಿಗೇ ಒಯ್ಯುವುದು.

ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ?

ನಾವು ನುಂಗುವ ಮಾತ್ರೆಗೆ ನಮ್ಮ ಗಾಯ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಅದು ಹೊಟ್ಟೆಯಲ್ಲಿ ಕರಗಿ, ಕರುಳಿನಿಂದ ರಕ್ತಕ್ಕೆ ಸೇರಿ, ಲಿವರ್ ದಾಟಿ, ಇಡೀ ದೇಹಕ್ಕೆ ಹಂಚಿಹೋಗುತ್ತದೆ. ಒಂದು ಭಾಗ ಕಿಡ್ನಿಯ ಮೂಲಕ ಮೂತ್ರದಲ್ಲಿ ಹೊರಬೀಳುತ್ತದೆ. ಇನ್ನೊಂದು ಭಾಗ ಕರುಳಿನಲ್ಲಿರುವ, ನಮಗೆ ಉಪಕಾರ ಮಾಡುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಆಂಟಿಬಯೋಟಿಕ್ ಸೇವಿಸಿದಾಗ ಕೆಲವರಿಗೆ ಭೇದಿ ಆಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಉಳಿದದ್ದರಲ್ಲಿ ಒಂದು ಪಾಲು ಮಾತ್ರ ಗಾಯದ ಕಡೆಗೆ ಬರುತ್ತದೆ.

ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಕಾಲಿನ ರಕ್ತನಾಳಗಳು ಕಿರಿದಾಗಿರುತ್ತವೆ. ರಕ್ತ ಹೋಗದ ಕಡೆಗೆ ರಕ್ತದಲ್ಲಿರುವ ಔಷಧವೂ ಹೋಗುವುದಿಲ್ಲ. ಹಾಗಾದರೆ ಪ್ರಮಾಣ ಹೆಚ್ಚಿಸಬಾರದೇ? ಅದಕ್ಕೊಂದು ಮಿತಿ ಇದೆ. ಜೆಂಟಾಮೈಸಿನ್ ಹೆಚ್ಚಾದರೆ ಕಿಡ್ನಿಗೂ ಕಿವಿಗೂ ಹಾನಿ. ವ್ಯಾಂಕೋಮೈಸಿನ್ ಹೆಚ್ಚಾದರೆ ಕಿಡ್ನಿಗೆ ಹಾನಿ. ಸಕ್ಕರೆ ಕಾಯಿಲೆಯವರ ಕಿಡ್ನಿ ಮೊದಲೇ ಸೋತಿರುತ್ತದೆ. ಗಾಯಕ್ಕೆ ಸಾಕಾಗುವಷ್ಟು ಕೊಟ್ಟರೆ ಕಿಡ್ನಿ ಹೋದೀತು, ಕಿಡ್ನಿ ಉಳಿಯುವಷ್ಟೇ ಕೊಟ್ಟರೆ ಗಾಯ ಒಣಗದು. ವೈದ್ಯರು ಪ್ರತಿದಿನ ಈ ಇಕ್ಕಟ್ಟಿನಲ್ಲೇ ಕೆಲಸ ಮಾಡುತ್ತಾರೆ.

ಔಷಧವನ್ನು ಬೇಕಾದ ಕಡೆಗೆ ಮಾತ್ರ ಕೊಡುವ ಯೋಚನೆ ಹೊಸದೇನಲ್ಲ. ಕಣ್ಣಿಗೆ ಹನಿ, ಕಿವಿಗೆ ಹನಿ, ಚರ್ಮಕ್ಕೆ ಮುಲಾಮು, ಎಲ್ಲವೂ ಅದೇ. ಕೃತಕ ಮಂಡಿ ಅಥವಾ ಸೊಂಟದ ಕೀಲನ್ನು ಕೂರಿಸುವಾಗ ಜೆಂಟಾಮೈಸಿನ್ ಬೆರೆಸಿದ ಮೂಳೆ ಸಿಮೆಂಟನ್ನು ಬಳಸುವ ಪದ್ಧತಿಯೂ ಹಲವು ದಶಕಗಳಿಂದ ಇದೆ. ಆದರೆ ಕೈಗೆ ಸಿಗದ ಒಳಗಿನ ಜಾಗಕ್ಕೆ, ಮತ್ತೆ ಕೊಯ್ಯದೆಯೇ ಔಷಧ ತಲುಪಿಸುವುದು ಹೇಗೆ ಎಂಬುದೇ ಈಗಿನ ಪ್ರಶ್ನೆ.

ಲೋಳೆಯೊಳಗೆ ಅಡಗಿದ ಶತ್ರು

ಔಷಧ ಗಾಯದ ತನಕ ಬಂದರೂ ಇನ್ನೊಂದು ಅಡ್ಡಿ ಇರುತ್ತದೆ. ಕೆಲವು ವಾರ ತೊಳೆಯದೆ ಬಿಟ್ಟ ನೀರಿನ ತೊಟ್ಟಿಯ ಅಥವಾ ಹೌಝಿನ ಒಳಗೋಡೆಯನ್ನು ಮುಟ್ಟಿ ನೋಡಿ. ಜಾರುವ ಲೋಳೆಯೊಂದು ಅಂಟಿಕೊಂಡಿರುತ್ತದೆ. ಎಷ್ಟು ನೀರು ಸುರಿದರೂ ಅದು ಹೋಗುವುದಿಲ್ಲ, ಬ್ರಶ್ ಹಾಕಿ ಉಜ್ಜಲೇಬೇಕು. ನಮ್ಮ ಹಲ್ಲಿನ ಮೇಲೆ ಬೆಳಿಗ್ಗೆ ಕಾಣುವ ಪದರವೂ ಇದೇ ಜಾತಿಯದ್ದು. ಬ್ಯಾಕ್ಟೀರಿಯಾಗಳು ಒಟ್ಟುಗೂಡಿ ತಮ್ಮ ಸುತ್ತ ಕಟ್ಟಿಕೊಳ್ಳುವ ಈ ಲೋಳೆಯ ಮನೆಗೆ ಬಯೋಫಿಲ್ಮ್ ಎನ್ನುತ್ತಾರೆ.

ವಾಸಿಯಾಗದ ಗಾಯದಲ್ಲಿ, ಕೃತಕ ಕೀಲಿನ ಮೇಲೆ, ಬಹಳ ದಿನ ಇಟ್ಟ ಮೂತ್ರದ ಟ್ಯೂಬಿನೊಳಗೆ ಇದೇ ಬಯೋಫಿಲ್ಮ್ ಬೆಳೆಯುತ್ತದೆ. ಹೊರಪದರದ ಬ್ಯಾಕ್ಟೀರಿಯಾ ಸತ್ತರೂ ಒಳಗಿನವು ಉಳಿಯುತ್ತವೆ. ಆಹಾರ ಮತ್ತು ಆಮ್ಲಜನಕ ಕಡಿಮೆ ಸಿಗುವುದರಿಂದ ಅವು ಅರೆನಿದ್ರೆಯಲ್ಲಿರುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಗಳು ನಿದ್ರೆಯಲ್ಲಿರುವುದನ್ನು ಅಷ್ಟು ಸುಲಭವಾಗಿ ಕೊಲ್ಲವು. ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾಕ್ಕೆ ಸಾಕಾಗುವ ಔಷಧದ ಹತ್ತರಿಂದ ಸಾವಿರ ಪಟ್ಟು ಕೂಡಾ ಬಯೋಫಿಲ್ಮ್‌ಗೆ ಬೇಕಾಗಬಹುದು. ಅಷ್ಟನ್ನು ರಕ್ತದ ಮೂಲಕ ಕೊಡಲು ಸಾಧ್ಯವಿಲ್ಲ. ಹೀಗಾಗಿ ಮಾತ್ರೆ ನುಂಗುವಾಗ ಕಡಿಮೆಯಾದ ಕೀವು, ಮಾತ್ರೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಹೀಗೆ ಅರೆಬರೆ ಔಷಧ ತಾಗಿ ಬದುಕಿ ಉಳಿದವುಗಳೇ ಮುಂದೆ ಔಷಧಕ್ಕೆ ಬಗ್ಗದ ತಳಿಗಳಾಗುವ ಅಪಾಯವಿದೆ. 2022ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಜಗತ್ತಿನಲ್ಲಿ ನೇರವಾಗಿ ಸುಮಾರು 12.7 ಲಕ್ಷ ಮಂದಿಯ ಸಾವಿಗೆ ಕಾರಣವಾದವು.

ಮರಳಿನ ಕಪ್ಪು ಹುಡಿ

ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಮರಳಿನಲ್ಲಿ ಎಳೆದಾಡಿ ಆಡಿದ ಮಕ್ಕಳಿಗೆ ಅದಕ್ಕೆ ಅಂಟುವ ಕಪ್ಪು ಹುಡಿಯ ಪರಿಚಯವಿದೆ. ಆ ಹುಡಿಯಲ್ಲಿರುವ ಮುಖ್ಯ ಖನಿಜ ಮ್ಯಾಗ್ನೆಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಒಂದು ಆಕ್ಸೈಡ್. ನಾವು ಹೇಳುತ್ತಿರುವ ನ್ಯಾನೋ ಕಣಗಳೂ ಹೆಚ್ಚಾಗಿ ಇದರವೇ. ಪ್ರಯೋಗಾಲಯದಲ್ಲಿ ಕಬ್ಬಿಣದ ಎರಡು ಬಗೆಯ ಲವಣಗಳನ್ನು ನೀರಿನಲ್ಲಿ ಕರಗಿಸಿ ಅಮೋನಿಯಾ ಸೇರಿಸಿದರೆ ಕಪ್ಪು ಹುಡಿಯಾಗಿ ಅದು ತಳಕ್ಕೆ ಕೂರುತ್ತದೆ.

ಅಲ್ಲಾಹನ ಸೃಷ್ಟಿಯಲ್ಲಿ ಈ ಕಣಗಳು ಮೊದಲೇ ಇದ್ದವು ಎಂಬುದು ಸೋಜಿಗದ ಸಂಗತಿ. 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಎಂಬ ವಿಜ್ಞಾನಿ, ಭೂಮಿಯ ಕಾಂತಕ್ಷೇತ್ರವನ್ನು ಅನುಸರಿಸಿ ಈಜುವ ಕೆಸರಿನ ಬ್ಯಾಕ್ಟೀರಿಯಾಗಳ ಬಗ್ಗೆ ವರದಿ ಮಾಡಿದರು. ಇಂಥ ಬ್ಯಾಕ್ಟೀರಿಯಾಗಳ ದೇಹದೊಳಗೆ ಮ್ಯಾಗ್ನೆಟೈಟ್‌ನ ನ್ಯಾನೋ ಕಣಗಳು ಮಣಿಸರದಂತೆ ಸಾಲಾಗಿ ಇರುತ್ತವೆ ಎಂದು ಆಮೇಲೆ ತಿಳಿಯಿತು.

ನ್ಯಾನೋ ಎಂದರೆ ಎಷ್ಟು ಸಣ್ಣದು? ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ಕೀವು ಬರಿಸುವ ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾದ ಅಗಲ ಸುಮಾರು 1,000 ನ್ಯಾನೋಮೀಟರ್. ಕಬ್ಬಿಣದ ಕಣದ ಅಗಲ ಸುಮಾರು 10 ನ್ಯಾನೋಮೀಟರ್. ಒಂದು ಬ್ಯಾಕ್ಟೀರಿಯಾದ ಅಗಲದುದ್ದಕ್ಕೂ ಇಂಥ ನೂರು ಕಣಗಳನ್ನು ಸಾಲಾಗಿ ಇಡಬಹುದು.

ಇಷ್ಟು ಸಣ್ಣದಾದಾಗ ಕಬ್ಬಿಣದ ಈ ಆಕ್ಸೈಡ್‌ಗೆ ಒಂದು ವಿಶೇಷ ಗುಣ ಬರುತ್ತದೆ. ಅಯಸ್ಕಾಂತ ಹತ್ತಿರ ಬಂದಾಗ ಕಣಗಳು ಅದರತ್ತ ಸೆಳೆಯಲ್ಪಡುತ್ತವೆ. ಅಯಸ್ಕಾಂತವನ್ನು ತೆಗೆದ ಕೂಡಲೇ ತಮ್ಮ ಕಾಂತಗುಣವನ್ನು ಮರೆತುಬಿಡುತ್ತವೆ. ದೊಡ್ಡ ಕಬ್ಬಿಣದ ಚೂರುಗಳಂತೆ ತಾವೇ ಅಯಸ್ಕಾಂತಗಳಾಗಿ ಒಂದಕ್ಕೊಂದು ಅಂಟಿ ಗಂಟಾಗುವುದಿಲ್ಲ. ರಕ್ತನಾಳದಲ್ಲಿ ಗಂಟು ಕಟ್ಟಿದರೆ ಜೀವಕ್ಕೇ ಅಪಾಯ. ಹಾಗಾಗಿ ಈ ಮರೆವಿನ ಗುಣವೇ ಇವುಗಳನ್ನು ಔಷಧಕ್ಕೆ ಯೋಗ್ಯವಾಗಿಸಿದ್ದು.

ಕಣದ ಮೇಲೆ ಔಷಧ ಕೂರಿಸುವುದು

ಬರಿಯ ಕಬ್ಬಿಣದ ಕಣವನ್ನು ಹಾಗೆಯೇ ದೇಹಕ್ಕೆ ಬಿಡುವುದಿಲ್ಲ. ಅದಕ್ಕೆ ಒಂದು ಹೊದಿಕೆ ಬೇಕು. ಸಕ್ಕರೆಯಿಂದ ತಯಾರಾಗುವ ಡೆಕ್ಸ್‌ಟ್ರಾನ್, ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಮರಳಿನ ಮೂಲವಸ್ತುವಾದ ಸಿಲಿಕಾ ಇವುಗಳನ್ನು ಹೊದಿಕೆಯಾಗಿ ಬಳಸುತ್ತಾರೆ. ಹೊದಿಕೆಯೊಳಗೆ ಅಥವಾ ಅದರ ಮೇಲೆ ಆಂಟಿಬಯೋಟಿಕನ್ನು ಸೇರಿಸುತ್ತಾರೆ. ಹೊರಗಿನಿಂದ ಅಯಸ್ಕಾಂತ ಹಿಡಿದು ಕಣಗಳನ್ನು ಗಾಯದ ಬಳಿ ತಡೆದು ನಿಲ್ಲಿಸಿದಾಗ ಅಲ್ಲಿ ಔಷಧ ನಿಧಾನವಾಗಿ ಬಿಡುಗಡೆಯಾಗಬೇಕು. ಸೋಂಕು ಇರುವ ಜಾಗದಲ್ಲಿ ಸಾಮಾನ್ಯವಾಗಿ ಹುಳಿ ಅಂಶ ಹೆಚ್ಚು. ಆ ಹುಳಿಗೆ ಮಾತ್ರ ಬಿಚ್ಚಿಕೊಳ್ಳುವ ಹೊದಿಕೆಗಳನ್ನೂ ಸಿದ್ಧಪಡಿಸಿದ್ದಾರೆ.

ಹೊದಿಕೆಯ ಮಾತು ಬಂದಾಗ ನಮ್ಮ ಓದುಗರು ಹಲಾಲ್ ಬಗ್ಗೆ ಕೇಳುವುದು ಸಹಜ. ಮೇಲೆ ಹೇಳಿದ ಮೂರೂ ಹಂದಿಯಿಂದ ಬಂದವಲ್ಲ. ಆದರೆ ಜೆಲಾಟಿನ್ ಬಳಸುವ ಪ್ರಯೋಗಗಳೂ ಇವೆ, ಜೆಲಾಟಿನ್ ದನದ್ದೂ ಆಗಬಹುದು, ಹಂದಿಯದ್ದೂ ಆಗಬಹುದು. ಇಂಥ ಔಷಧಗಳು ಇನ್ನೂ ತಯಾರಿಯ ಹಂತದಲ್ಲಿರುವಾಗಲೇ ನಮ್ಮ ವೈದ್ಯರೂ ವಿದ್ವಾಂಸರೂ ಈ ಬಗ್ಗೆ ಕೇಳತೊಡಗಿದರೆ ಒಳ್ಳೆಯದು.

ಪ್ರಯೋಗಗಳು ಏನು ಹೇಳುತ್ತವೆ?

ಈ ಯೋಚನೆ ಮೊದಲು ಬೆಳೆದದ್ದು ಕ್ಯಾನ್ಸರ್ ಚಿಕಿತ್ಸೆಗಾಗಿ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಯಿತು. 1996ರಲ್ಲಿ ಜರ್ಮನಿಯ ವೈದ್ಯರು 14 ಕ್ಯಾನ್ಸರ್ ರೋಗಿಗಳಿಗೆ ಕಾಂತಕಣಗಳ ಮೇಲೆ ಕೂರಿಸಿದ ಔಷಧವನ್ನು ಕೊಟ್ಟು, ಗಡ್ಡೆಯ ಮೇಲೆ ಅಯಸ್ಕಾಂತ ಇಟ್ಟು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಆ ದಾರಿಯಲ್ಲೇ ಆಂಟಿಬಯೋಟಿಕ್ ಸಂಶೋಧಕರೂ ಮುಂದುವರಿದರು.

2003ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಕಬ್ಬಿಣ ಮತ್ತು ಪ್ಲಾಟಿನಂ ಸೇರಿದ ನ್ಯಾನೋ ಕಣಗಳಿಗೆ ವ್ಯಾಂಕೋಮೈಸಿನ್ ಜೋಡಿಸಿದರು. ವ್ಯಾಂಕೋಮೈಸಿನ್‌ಗೆ ಬಗ್ಗದ ಎಂಟರೋಕಾಕಸ್ ಬ್ಯಾಕ್ಟೀರಿಯಾಗಳನ್ನೂ ಆ ಕಣಗಳು ಹಿಡಿದವು. ಒಂಟಿ ಔಷಧದ ಅಣುವಿನಿಂದ ತಪ್ಪಿಸಿಕೊಳ್ಳುವ ಬ್ಯಾಕ್ಟೀರಿಯಾ, ಒಂದೇ ಕಣದ ಮೇಲಿರುವ ಹಲವು ಅಣುಗಳು ಒಟ್ಟಿಗೆ ಹಿಡಿದಾಗ ತಪ್ಪಿಸಿಕೊಳ್ಳಲಾಗಲಿಲ್ಲ. ಇದು ಚಿಕಿತ್ಸೆಯಲ್ಲ, ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾವನ್ನು ಹಿಡಿದು ಬೇರ್ಪಡಿಸುವ ವಿಧಾನ. ಆದರೂ ಮುಂದಿನ ಕೆಲಸಕ್ಕೆ ಧೈರ್ಯ ಕೊಟ್ಟಿತು.

2017ರಲ್ಲಿ ಅಮೆರಿಕದ ಬೋಸ್ಟನ್ ನಗರದ ಸಂಶೋಧಕರು ಕಬ್ಬಿಣದ ಕಣ ಮತ್ತು ಮೆಥಿಸಿಲಿನ್ ಎರಡನ್ನೂ ಒಂದೇ ಸೂಕ್ಷ್ಮ ಚೀಲದಲ್ಲಿ ತುಂಬಿ, ಅಯಸ್ಕಾಂತದ ಸಹಾಯದಿಂದ ಬಯೋಫಿಲ್ಮ್‌ನೊಳಗೆ ಇಳಿಸಿದರು. ಮೆಥಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾದ ಬಯೋಫಿಲ್ಮ್ ಕೂಡಾ ಅದರಿಂದ ನಾಶವಾಯಿತು.

2019ರಲ್ಲಿ ನೆದರ್ಲೆಂಡಿನ ಗ್ರೋನಿಂಗನ್‌ನ ಸಂಶೋಧಕರು ಇನ್ನೂ ಸರಳವಾದ ದಾರಿ ಹಿಡಿದರು. ಕಣಗಳನ್ನು ಅಯಸ್ಕಾಂತದಿಂದ ಬಯೋಫಿಲ್ಮ್‌ನೊಳಗೆ ಓಡಾಡಿಸಿದಾಗ ಲೋಳೆಯಲ್ಲಿ ಸಣ್ಣ ಸುರಂಗಗಳಾದವು. ಆಮೇಲೆ ಮಾಮೂಲಿ ಜೆಂಟಾಮೈಸಿನ್ ಕೊಟ್ಟರೆ ಅದು ಆ ಸುರಂಗಗಳ ಮೂಲಕ ಒಳಹೊಕ್ಕು ಹಿಂದಿಗಿಂತ ಹಲವು ಪಟ್ಟು ಹೆಚ್ಚು ಬ್ಯಾಕ್ಟೀರಿಯಾಗಳನ್ನು ಕೊಂದಿತು. ಹೌಝಿನ ಗೋಡೆಗೆ ಬ್ರಶ್ ಹಾಕಿದಂತೆಯೇ ಇದು. ಹೊಸ ಆಂಟಿಬಯೋಟಿಕ್‌ಗಳು ಅಪರೂಪವಾಗುತ್ತಿರುವ ಈ ಕಾಲದಲ್ಲಿ ಹಳೆಯ ಔಷಧವನ್ನೇ ಮತ್ತೆ ಕೆಲಸಕ್ಕೆ ಬರುವಂತೆ ಮಾಡಿದ್ದು ದೊಡ್ಡ ವಿಷಯ.

ಬೆಂಗಳೂರಿನಿಂದಲೂ ಒಂದು ಸುದ್ದಿ

ನಮ್ಮ ರಾಜ್ಯದಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಹಲ್ಲಿನ ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಮಾಡಿಸಿಕೊಂಡವರಿಗೂ ಕೆಲವೊಮ್ಮೆ ಅದೇ ಹಲ್ಲು ಮತ್ತೆ ನೋಯುತ್ತದೆ. ಹಲ್ಲಿನೊಳಗಿರುವ ಕೂದಲಿಗಿಂತ ತೆಳುವಾದ ನಾಳಗಳಲ್ಲಿ ಬ್ಯಾಕ್ಟೀರಿಯಾ ಅಡಗಿ ಉಳಿಯುವುದು ಇದಕ್ಕೆ ಒಂದು ಕಾರಣ. ಔಷಧದ ದ್ರಾವಣ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲೇ ಬೆಳೆದ ಥೆರಾನಾಟಿಲಸ್ ಎಂಬ ಕಂಪನಿಯ ಸಂಶೋಧಕರು ಸ್ಕ್ರೂವಿನಂತೆ ಸುರುಳಿಯಾಗಿರುವ, ಸಿಲಿಕಾಕ್ಕೆ ಕಬ್ಬಿಣ ಲೇಪಿಸಿದ ಅತಿಸೂಕ್ಷ್ಮ ಸಾಧನಗಳನ್ನು ತಯಾರಿಸಿದರು. ಕಾಂತಕ್ಷೇತ್ರವನ್ನು ತಿರುಗಿಸಿದಂತೆ ಅವೂ ತಿರುಗುತ್ತಾ ಹಲ್ಲಿನ ನಾಳಗಳೊಳಗೆ ಮುಂದೆ ಸಾಗುತ್ತವೆ. ತೆಗೆದಿಟ್ಟ ಹಲ್ಲುಗಳಲ್ಲಿ ಅವು ಸುಮಾರು ಎರಡು ಮಿಲಿಮೀಟರ್ ಆಳಕ್ಕೆ ಹೋದವು. ಅಲ್ಲಿ ಕಾಂತಕ್ಷೇತ್ರವನ್ನು ಬದಲಿಸಿ ಅವುಗಳನ್ನು ಬಿಸಿ ಮಾಡಿದಾಗ ಸುತ್ತಲಿನ ಬ್ಯಾಕ್ಟೀರಿಯಾ ಸತ್ತಿತು. 2022ರಲ್ಲಿ ಈ ವರದಿ ಪ್ರಕಟವಾಯಿತು. ಇಲ್ಲಿ ಬಳಸಿದ್ದು ಆಂಟಿಬಯೋಟಿಕ್ ಅಲ್ಲ, ಬಿಸಿ. ಆದರೆ ಔಷಧ ತಲುಪದ ಕಡೆಗೆ ಅಯಸ್ಕಾಂತದಿಂದ ತಲುಪಬಹುದು ಎಂಬ ತತ್ವ ಒಂದೇ.

ಹಾಗಾದರೆ ಆಸ್ಪತ್ರೆಗೆ ಯಾಕೆ ಬಂದಿಲ್ಲ?

ಕಬ್ಬಿಣದ ನ್ಯಾನೋ ಕಣಗಳು ವೈದ್ಯಕೀಯಕ್ಕೆ ಹೊಸತಲ್ಲ. ಕಿಡ್ನಿ ರೋಗಿಗಳ ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಎಂಬ ಚುಚ್ಚುಮದ್ದು ಇಂಥ ಕಣಗಳದ್ದೇ, ಅಮೆರಿಕದಲ್ಲಿ 2009ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಕೋವಿಡ್ ಕಾಲದಲ್ಲಿ ನಮ್ಮ ಮೂಗಿನ ದ್ರವದಿಂದ ವೈರಸ್ಸಿನ ಆರ್‌ಎನ್‌ಎಯನ್ನು ಬೇರ್ಪಡಿಸಲು ಅನೇಕ ಪ್ರಯೋಗಾಲಯಗಳು ಕಾಂತಕಣಗಳನ್ನೇ ಬಳಸಿದವು. ಆದರೆ ಆಂಟಿಬಯೋಟಿಕ್ ಹೊತ್ತ ಕಾಂತಕಣ ಇನ್ನೂ ಪ್ರಯೋಗಾಲಯದಲ್ಲೇ ಇದೆ. ಯಾವ ಔಷಧದಂಗಡಿಯಲ್ಲೂ ಅದು ಸಿಗುವುದಿಲ್ಲ. ಅದಕ್ಕೆ ಬಲವಾದ ಕಾರಣಗಳಿವೆ.

ಮೊದಲನೆಯದು ದೂರ. ಅಯಸ್ಕಾಂತದಿಂದ ದೂರ ಹೋದಂತೆ ಅದರ ಸೆಳೆತ ಬಹಳ ಬೇಗ ಕುಗ್ಗುತ್ತದೆ. ಕಾಲಿನ ಗಾಯ, ಹಲ್ಲು, ಕಿವಿ ಮುಂತಾದ ಮೇಲ್ಮೈಗೆ ಹತ್ತಿರದ ಜಾಗಗಳಲ್ಲಿ ಕೆಲಸ ಸುಲಭ. ಶ್ವಾಸಕೋಶದ ಅಥವಾ ಹೃದಯದ ಒಳಗೆ ಕಷ್ಟ. ಹೊರಗಿಟ್ಟ ಅಯಸ್ಕಾಂತ ಕಣಗಳನ್ನು ತನ್ನತ್ತ ಎಳೆಯುತ್ತದೆಯೇ ಹೊರತು, ದೇಹದ ಮಧ್ಯದ ಒಂದು ಬಿಂದುವಿನಲ್ಲಿ ನಿಲ್ಲಿಸಲಾರದು.

ಎರಡನೆಯದು ನಮ್ಮ ದೇಹದ ಕಾವಲು. ರಕ್ತಕ್ಕೆ ಬಿಟ್ಟ ಕಣಗಳನ್ನು ಲಿವರ್ ಮತ್ತು ಗುಲ್ಮದ ಕಾವಲು ಕೋಶಗಳು ಹೊರಗಿನವು ಎಂದು ಗುರುತಿಸಿ ನುಂಗಿಬಿಡುತ್ತವೆ. ಗಾಯದ ಬಳಿಗೆ ಬರುವಷ್ಟರಲ್ಲಿ ಬಹುಪಾಲು ಕಳೆದುಹೋಗಿರುತ್ತದೆ.

ಮೂರನೆಯದು ಕಬ್ಬಿಣವೇ. ಹೆಚ್ಚಾದ ಕಬ್ಬಿಣ ಜೀವಕೋಶಗಳಿಗೆ ಹಾನಿಕರ. ಅಲ್ಲದೆ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಸೋಂಕು ಬಂದಾಗ ನಮ್ಮ ದೇಹ ರಕ್ತದ ಕಬ್ಬಿಣವನ್ನು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ಬಚ್ಚಿಡುತ್ತದೆ. ಕಣ ಬೇಗ ಕರಗಿದರೆ ಶತ್ರುವಿಗೆ ನಾವೇ ಊಟ ಬಡಿಸಿದಂತಾದೀತು. ಫೆರುಮಾಕ್ಸಿಟಾಲ್‌ನಿಂದ ಕೆಲವರಿಗೆ ತೀವ್ರ ಅಲರ್ಜಿಯಾದ ಕಾರಣ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಸೂಚಿಸಿತು. ಆದ್ದರಿಂದ ಮನುಷ್ಯರ ಮೇಲಿನ ಪರೀಕ್ಷೆಗಳು ನಿಧಾನವಾಗಿಯೇ ಸಾಗಬೇಕು.

ಒಂದು ಎಚ್ಚರಿಕೆ. ಅಯಸ್ಕಾಂತದ ಪಟ್ಟಿ, ಬಳೆ, ಚಪ್ಪಲಿ, "ಕಾಂತೀಯ ನೀರು" ಎಂದು ಮಾರುವವರಿದ್ದಾರೆ. ಮೇಲೆ ಹೇಳಿದ ಸಂಶೋಧನೆಗೂ ಅವುಗಳಿಗೂ ಯಾವ ಸಂಬಂಧವೂ ಇಲ್ಲ. ಸಾಮಾನ್ಯ ಆಂಟಿಬಯೋಟಿಕ್ ಅಯಸ್ಕಾಂತದ ಕಡೆಗೆ ಹೋಗುವುದಿಲ್ಲ. ಕಾಲಿನ ಗಾಯಕ್ಕೆ ಅಯಸ್ಕಾಂತ ಕಟ್ಟಿಕೊಂಡು ದಿನ ಕಳೆದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಅಲ್ಲಿಯ ತನಕ ನಮ್ಮ ಕೈಯಲ್ಲಿರುವುದು

ಈ ಎಲ್ಲ ಸಂಶೋಧನೆಯ ಸಾರ ಒಂದೇ: ಸರಿಯಾದ ಔಷಧ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಜಾಗಕ್ಕೆ, ಸರಿಯಾದ ಸಮಯಕ್ಕೆ ತಲುಪಬೇಕು. ಇದರಲ್ಲಿ ಹೆಚ್ಚಿನದ್ದು ಇಂದೇ ನಮ್ಮಿಂದ ಸಾಧ್ಯ.

* ಶೀತ, ನೆಗಡಿ, ಮಾಮೂಲಿ ವೈರಲ್ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಔಷಧದ ಪಟ್ಟಿಯ ಮೇಲೆ ನೇರವಾದ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಕಳೆದ ಬಾರಿ ಉಳಿದ ಮಾತ್ರೆಯನ್ನು ಈ ಬಾರಿ ನುಂಗಬೇಡಿ, ನೆರೆಮನೆಯವರಿಗೂ ಕೊಡಬೇಡಿ.

* ವೈದ್ಯರು ಹೇಳಿದಷ್ಟು ದಿನ ಸೇವಿಸಿ. ಅದಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಔಷಧ ಒಗ್ಗದಿದ್ದರೆ ಸುಮ್ಮನೆ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

* ರಮಝಾನಿನಲ್ಲಿ ದಿನಕ್ಕೆ ಮೂರು ಹೊತ್ತಿನ ಔಷಧವನ್ನು ಇಫ್ತಾರ್ ಮತ್ತು ಸಹರಿಯ ನಡುವೆಯೇ ನುಂಗಿ ಮುಗಿಸುವವರಿದ್ದಾರೆ. ಹಾಗೆ ಮಾಡಿದರೆ ಹಗಲಿನಲ್ಲಿ ರಕ್ತದಲ್ಲಿ ಔಷಧ ಸಾಲದಾಗಿ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತದೆ. ದಿನಕ್ಕೆ ಒಮ್ಮೆ ಅಥವಾ ಎರಡು ಬಾರಿ ಸೇವಿಸುವ ಬದಲಿ ಔಷಧ ಇದೆಯೇ ಎಂದು ವೈದ್ಯರಲ್ಲಿ ಕೇಳಿ. ಇಲ್ಲವಾದರೆ, ರೋಗಿಗಳು ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಬಹುದೆಂಬ ರಿಯಾಯಿತಿಯನ್ನು ಕುರ್‌ಆನ್ ಕೊಟ್ಟಿದೆ. ಆ ರಿಯಾಯಿತಿ ಇರುವುದು ಬಳಸಲಿಕ್ಕಾಗಿಯೇ.

* ಸಕ್ಕರೆ ಕಾಯಿಲೆ ಇರುವವರಿಗೆ ವುಝೂ ಒಂದು ವರದಾನ. ದಿನಕ್ಕೆ ಐದು ಬಾರಿ ಕಾಲು ತೊಳೆಯುವಾಗ ಬೆರಳ ಸಂದಿ, ಹಿಮ್ಮಡಿ, ಪಾದದ ಅಡಿಯನ್ನು ಕಣ್ಣಿಟ್ಟು ನೋಡಿ. ಕಣ್ಣು ಮಂಜಾಗಿದ್ದರೆ ಮಕ್ಕಳೋ ಮೊಮ್ಮಕ್ಕಳೋ ನೋಡಲಿ. ಬೆರಳ ಸಂದಿಯನ್ನು ಒದ್ದೆ ಬಿಡದೆ ಬಟ್ಟೆಯಿಂದ ಒರೆಸಿ. ಬಿಸಿನೀರು ಎಷ್ಟು ಬಿಸಿ ಎಂದು ಮೊಣಕೈಯಿಂದ ಪರೀಕ್ಷಿಸಿ, ಸ್ಪರ್ಶ ಕಳೆದುಕೊಂಡ ಕಾಲಿನಿಂದ ಅಲ್ಲ.

* ಗಾಯಕ್ಕೆ ಡ್ರೆಸ್ಸಿಂಗ್ ಹಾಕಿದ್ದರೆ ಅದನ್ನು ಐದು ಹೊತ್ತೂ ನೆನೆಸಬೇಡಿ. ಒದ್ದೆ ಪಟ್ಟಿಯ ಕೆಳಗೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಗಾಯದ ಪಟ್ಟಿ ಇರುವವರಿಗೆ ವುಝೂವಿನಲ್ಲಿ ರಿಯಾಯಿತಿ ಇದೆ. ಅದರ ವಿಧಾನವನ್ನು ನಿಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ.

* ಗಾಯವನ್ನು ಕೆರೆದು ಸ್ವಚ್ಛಗೊಳಿಸಬೇಕು ಎಂದು ವೈದ್ಯರು ಹೇಳಿದರೆ ಹೆದರಿ ತಪ್ಪಿಸಿಕೊಳ್ಳಬೇಡಿ. ಕಾಂತಕಣಗಳು ಮುಂದೆಂದೋ ಮಾಡಬೇಕಾದ ಬಯೋಫಿಲ್ಮ್ ಒಡೆಯುವ ಕೆಲಸವನ್ನು ಇಂದು ವೈದ್ಯರ ಕೈ ಮಾಡುತ್ತಿದೆ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲೇ, ಸಾಲದ ಪ್ರಮಾಣದಲ್ಲಿ ಔಷಧ ಕೊಟ್ಟರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಮರೆತದ್ದರ ಬೆಲೆಯನ್ನು ಇಂದು ನಾವು ತೆರುತ್ತಿದ್ದೇವೆ. ನಾಳೆ ಕಬ್ಬಿಣದ ಕಣ ಔಷಧವನ್ನು ಗಾಯದ ತನಕ ಹೊತ್ತು ತರಬಹುದು. ಆದರೆ ಹೊತ್ತು ತರುವ ಆ ಔಷಧ ಕೆಲಸ ಮಾಡುವಂತಿರಬೇಕಾದರೆ ಇಂದು ನಾವು ಅದನ್ನು ಹಾಳುಮಾಡದೆ ಉಳಿಸಬೇಕು. ಆಂಟಿಬಯೋಟಿಕ್ ನಮ್ಮ ಕೈಗೆ ಬಂದ ಒಂದು ಅಮಾನತ್. ನಮ್ಮ ಮಕ್ಕಳಿಗೂ ಅದರಲ್ಲಿ ಪಾಲಿದೆ.